ಮೂರು ಪದರದ ಕತ್ತಲೆ

ಪರದೆಯಕ್ಕನ ಪ್ರಕಾರ ಪರದೆಯಿಂದ ಬಗೆಹರಿಯದ ಕಷ್ಟ ಈ ಲೋಕದಲ್ಲಿ ಇರಲಿಲ್ಲ. ಎದುರುಮನೆಯವರು ಬಗ್ಗಿ ಬಗ್ಗಿ ನೋಡುತ್ತಾರೆಯೇ, ಕಿಟಕಿಗೊಂದು ಪರದೆ. ಗೋಡೆಯ ಸುಣ್ಣ ಉದುರುತ್ತಿದೆಯೇ, ಅದರ ಮುಂದೊಂದು ಪರದೆ. ಒಂದೇ ಹಜಾರ ಹಂಚಿಕೊಂಡ ಓರಗಿತ್ತಿಯರಿಗೆ ಒಬ್ಬರನ್ನೊಬ್ಬರು ಕಂಡರೆ ಆಗುವುದಿಲ್ಲವೇ, ನಡುವೆ ದಪ್ಪನೆಯದೊಂದು ಪರದೆ, ಆ ಮಗ್ಗುಲಿಗೊಂದು ಬಣ್ಣ ಈ ಮಗ್ಗುಲಿಗೊಂದು ಬಣ್ಣ. ಹೊಲಿಗೆ ಕಲಿತ ದಿನದಿಂದ ಅವಳು ಮಾಡಿಕೊಂಡು ಬಂದದ್ದು ಇದನ್ನೇ. ಓಣಿಯವರು ಅವಳನ್ನು ಪರದೆಯಕ್ಕ ಎಂದು ಕರೆಯುವುದರಲ್ಲಿ ಅರ್ಧ ಮೆಚ್ಚುಗೆ, ಅರ್ಧ ಕೀಟಲೆ. ಹಾಗಾಗಿ ಗಂಡನಿಗೆ ನಿದ್ದೆ ಬರದ ಕಾಯಿಲೆ ಶುರುವಾದಾಗ ಅವಳ ಕೈ ಮೊದಲು ಹೋದದ್ದು ಬಟ್ಟೆಯ ಸುರುಳಿಗೇ.

ಗಂಡ ಬಸ್ಸಿನ ಡ್ರೈವರು. ಎಷ್ಟೋ ವರ್ಷ ಹಗಲು ಬಸ್ಸು ಓಡಿಸಿ, ಹೋದ ವರ್ಷ ರಾತ್ರಿಯ ದೂರದ ಬಸ್ಸಿಗೆ ಬಡ್ತಿ ಪಡೆದಿದ್ದ. ಸಂಜೆ ಹೊರಟು, ಆ ತುದಿಯ ಊರು ಮುಟ್ಟಿ, ಅಲ್ಲಿಂದ ಜನರನ್ನು ತುಂಬಿಕೊಂಡು ಬೆಳಗಾಗುವಷ್ಟರಲ್ಲಿ ವಾಪಸು. ಕೈ ನಡುಗದವರಿಗೆ, ಕುಡಿಯದವರಿಗೆ, ಬಾಯಿ ಹರಿಯಬಿಡದವರಿಗೆ ಮಾತ್ರ ಡಿಪೋದಲ್ಲಿ ಈ ಬಸ್ಸು ಸಿಗುತ್ತಿತ್ತು. ಅವನಿಗೆ ಅದರ ಹೆಮ್ಮೆ ಎಷ್ಟೆಂದರೆ, ಮದುವೆಯ ದಿನವೂ ಇಸ್ತ್ರಿ ಮಾಡದ ಅಂಗಿ ತೊಟ್ಟಿದ್ದವನು ಈಗ ಕಾಲರಿನ ಒಳಮಗ್ಗುಲಿಗೂ ಇಸ್ತ್ರಿ ತಿಕ್ಕುತ್ತಿದ್ದ.

ಮೊದಮೊದಲು ಬೆಳಿಗ್ಗೆ ಬಂದು, ಹೊಟ್ಟೆಗೆ ಹಾಕಿಕೊಂಡು, ಕೋಣೆಯಲ್ಲಿ ಅಡ್ಡಾಗುತ್ತಿದ್ದ. ನಿದ್ದೆಯೂ ಬರುತ್ತಿತ್ತು. ಒಂದು ದಿನ ಮಾತಿಗೆ ಮಾತು ಬಂದು, "ಮಧ್ಯಾಹ್ನ ಸ್ವಲ್ಪ ಬೆಳಕು ಕಣ್ಣಿಗೆ ಹೊಡಿಯುತ್ತೆ ಕಣೇ" ಎಂದ. ಅಷ್ಟು ಸಾಕಾಯಿತು. ಸಂಜೆಯೊಳಗೆ ಕಿಟಕಿಗೆ ನೀಲಿ ಪರದೆ ಏರಿತು. ಕೆಲವು ವಾರ ಕಳೆದ ಮೇಲೆ ಅವನು ಯಾಕೋ ಹೊರಳಾಡುತ್ತಾನೆ ಅನ್ನಿಸಿ, ಪರದೆಗೆ ಒಳಗಡೆಯಿಂದ ಕಪ್ಪು ಅಸ್ತರ ಕೊಟ್ಟಳು. ಹೊರಳಾಟ ಇನ್ನೂ ಜಾಸ್ತಿಯಾಯಿತು. ಊಟಕ್ಕೆ ಕೂತವನು ತುತ್ತು ಕೈಯಲ್ಲಿ ಹಿಡಿದೇ ತೂಕಡಿಸುವುದು, ಬಾಗಿಲ ಚಿಲಕ ಹಾಕಲು ಹೋಗಿ ಅಲ್ಲೇ ನಿಂತುಬಿಡುವುದು, ಮಗಳನ್ನು ಕರೆಯಲು ಹೋಗಿ ತಾಯಿಯನ್ನು ಕರೆಯುವುದು. ಹಾಸಿಗೆಗೆ ಬಿದ್ದರೆ ಮಾತ್ರ ರೆಪ್ಪೆಗೆ ರೆಪ್ಪೆ ಹತ್ತದು.

ಅವನು ಹೆದರಿದ್ದು ತನ್ನ ಸಲುವಾಗಿ ಅಲ್ಲ. ಯಾರೂ ಕೇಳುವ ಮೊದಲೇ ತಾನಾಗಿ ಡಿಪೋದ ಮೇಲಿನವರ ಮುಂದೆ ಹೋಗಿ ನಿಂತ. "ಸಾರ್, ನನಗೆ ಹಗಲು ನಿದ್ದೆ ಬರ್ತಿಲ್ಲ. ಹೀಗೆ ಜನಾನ ಕೂರಿಸ್ಕೊಂಡು ಹೋಗೋದು ತಪ್ಪಾಗುತ್ತೆ" ಎಂದ. ಮೇಲಿನವರು ಒಂದು ಕಾಲಕ್ಕೆ ಡ್ರೈವರೇ ಆಗಿದ್ದವರು. ಬೈಯಲಿಲ್ಲ. ತಿಂಗಳ ಮಟ್ಟಿಗೆ ಅವನನ್ನು ಡಿಪೋದ ಒಳಗಿನ ರಾತ್ರಿ ಕೆಲಸಕ್ಕೆ ಹಾಕಿದರು. ಬಂದ ಬಸ್ಸುಗಳನ್ನು ತೊಳೆಯುವ ಜಾಗಕ್ಕೆ ಒಯ್ಯುವುದು, ಡೀಸೆಲ್ ಹಾಕಿಸುವುದು, ಸಾಲಾಗಿ ನಿಲ್ಲಿಸುವುದು. ತಿಂಗಳೊಳಗೆ ನಿದ್ದೆ ಸರಿಹೋದರೆ ರಸ್ತೆ. ಇಲ್ಲದಿದ್ದರೆ ಡಿಪೋದ ಅಂಗಳವೇ ಖಾಯಂ.

"ಊರೂರು ಸುತ್ತಿಸ್ತಿದ್ದವನು ಈಗ ಬಸ್ಸಿಗೆ ಸ್ನಾನ ಮಾಡಿಸಕ್ಕೆ ಕರ್ಕೊಂಡು ಹೋಗ್ತಾನಂತೆ" ಎಂದು ಅತ್ತೆ ನಗೆಯಾಡಿದಳು. ಮಗ ನಗಲಿಲ್ಲ. ತಾಯಿಯ ಮಾತಿಗೆ ನಗದೇ ಇದ್ದದ್ದು ಅದೇ ಮೊದಲು. ಏನಾದರೂ ಮಾಡಿ ಇವನನ್ನು ಮಲಗಿಸದಿದ್ದರೆ ತಾನು ಪರದೆಯಕ್ಕನೇ ಅಲ್ಲ ಎಂದುಕೊಂಡಳು.

ಆ ಸಮಯಕ್ಕೇ ಊರಾಚೆ ಕೆರೆಯ ದಂಡೆಯಲ್ಲಿ ಹೊಸದಾಗಿ ಎದ್ದ ಸ್ಪಾ ವಸತಿಗೃಹದ ಕೆಲಸ ಬಂತು. ದುಡಿದು ದಣಿದವರು ಬಂದು ಬಿಸಿನೀರಿನಲ್ಲಿ ಮೈ ಅದ್ದಿ, ಎಣ್ಣೆ ತಿಕ್ಕಿಸಿಕೊಂಡು, ಮಾತಿಲ್ಲದೆ ಮಲಗಿ ಹೋಗುವ ಜಾಗ. ಕೋಣೆಗಳಿಗೆಲ್ಲ ಅವಳದೇ ಪರದೆ. ಹೊಲಿದು ಮುಗಿಸಿ, ಏರಿಸಲು ಹೋದವಳು ಒಳಗೆ ಕಾಲಿಟ್ಟು ಕಣ್ಣುಬಾಯಿ ಬಿಟ್ಟಳು. ಗೋಡೆಗಳಿಗೆ ಬೂದಿ ತಿಕ್ಕಿ ತೊಳೆದ ಬಟ್ಟೆಯ ಬಣ್ಣ. ಒಂದೇ ಒಂದು ಮೊಳೆ ಇಲ್ಲ, ಕ್ಯಾಲೆಂಡರು ಇಲ್ಲ, ಯಾರ ಮದುವೆಯ ಫೋಟೋವೂ ಇಲ್ಲ. ನೆಲಕ್ಕೆ ಅಂಟಿದಂಥ ಗಿಡ್ಡ ಮಂಚ. ಮೂಲೆಯ ಮಣ್ಣಿನ ಹೂಜಿಯಲ್ಲಿ ಎಲೆಯಿಲ್ಲದ ಒಂದು ಒಣ ಕೊಂಬೆ. ಬಚ್ಚಲಲ್ಲಿ ಸುರುಳಿ ಸುತ್ತಿಟ್ಟ ಬಿಳಿ ಟವೆಲುಗಳು, ಅಗಲ ತಟ್ಟೆಯ ನೀರಿನಲ್ಲಿ ನುಣುಪಾದ ಬೆಣಚುಕಲ್ಲು. ದೀಪ ಎಲ್ಲಿದೆ ಎಂದು ಹುಡುಕಿದರೆ ಸಿಗದು, ಬೆಳಕು ಮಾತ್ರ ಇದೆ. ಅಲ್ಲಿನ ಮ್ಯಾನೇಜರಮ್ಮ ಎಷ್ಟು ಮೆಲ್ಲಗೆ ಮಾತಾಡುತ್ತಿದ್ದಳೆಂದರೆ, ಎದುರಿಗಿದ್ದವರು ಬಗ್ಗಿ ಬಗ್ಗಿ ಕೇಳಿಸಿಕೊಂಡು ಕತ್ತು ನೋಯಿಸಿಕೊಳ್ಳಬೇಕು.

ಉಳಿದ ಕೋಣೆಗಳ ಕೆಲಸ ಮುಗಿಸಿ ಕೊನೆಗೆ ಮೂಲೆಕೋಣೆಗೆ ಬಂದಳು. ಬೋಳು ಕಿಟಕಿಯಿಂದ ನೆಲದ ತುಂಬ ಬಿಸಿಲು ಬಿದ್ದಿತ್ತು. ಹೊರಗೆ ತೋಟದ ಹೆಂಗಸರು ಏನೋ ಮಾತಾಡಿಕೊಂಡು ಕಳೆ ಕೀಳುತ್ತಿದ್ದರು. ಪರದೆಗೆ ಕೊಕ್ಕೆ ಸಿಗಿಸಲೆಂದು ಗೋಡೆಗೆ ಒರಗಿ ಕೂತದ್ದಷ್ಟೇ ಅವಳಿಗೆ ನೆನಪು. ಕಣ್ಣು ಬಿಟ್ಟಾಗ ತಲೆಯ ಕೆಳಗೆ ಒಂದು ದಿಂಬು ಬಂದಿತ್ತು, ಮ್ಯಾನೇಜರಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

"ಅಯ್ಯೋ, ತಪ್ಪಾಯ್ತಮ್ಮ! ನಾನು ಹಗಲು ಹೊತ್ತು ಮಲಗಿದವಳೇ ಅಲ್ಲ."

"ತಪ್ಪೇನು ಬಂತು? ಇಲ್ಲಿಗೆ ಬಂದವರೆಲ್ಲ ಹೀಗೇ."

"ಅಂಥದ್ದು ಈ ಕೋಣೇಲಿ ಏನಿದೆ, ಹೇಳಿ."

"ಏನೂ ಇಲ್ಲವಲ್ಲ, ಅದೇ ಇರೋದು" ಎಂದಳು ಮ್ಯಾನೇಜರಮ್ಮ. ಇಂಥ ಮಾತು ಕೇಳಲು ಜನ ಎಲ್ಲಿಂದೆಲ್ಲಿಂದಲೋ ಗಾಡಿ ಮಾಡಿಕೊಂಡು ಬರುತ್ತಾರೆ. ಪರದೆಯಕ್ಕನಿಗೆ ಅದು ಪುಕ್ಕಟೆ ಸಿಕ್ಕಿತು, ತಲೆಯಲ್ಲಿ ಹುಳವೂ ಹೊಕ್ಕಿತು. ಹಗಲಲ್ಲಿ ಎಂದೂ ಮಲಗದ ತನಗೇ ಇಲ್ಲಿ ನಿದ್ದೆ ಬಂದಿದೆ ಎಂದ ಮೇಲೆ, ಇದೇ ಕೋಣೆ ಮನೆಯಲ್ಲಿದ್ದರೆ ಗಂಡನಿಗೆ ಬರದೇ ಇರುತ್ತದೆಯೇ? ಕೊನೆಯ ಪರದೆ ಏರಿಸುತ್ತಲೇ ಅವಳು ಕೋಣೆಯನ್ನು ಕಣ್ಣಿನಿಂದ ಅಳೆದುಕೊಂಡಳು.

ಮಾರನೆಯ ದಿನದಿಂದ ಮನೆಯಲ್ಲಿ ನಡೆದದ್ದನ್ನು ದೇವರೇ ನೋಡಬೇಕು. ಮಲಗುವ ಕೋಣೆಯಿಂದ ಕ್ಯಾಲೆಂಡರು ಹೋಯಿತು, ಟಿಕ್ ಟಿಕ್ ಅನ್ನುತ್ತದೆಂದು ಗಡಿಯಾರ ಹೋಯಿತು, ಪ್ಲಾಸ್ಟಿಕ್ ಹೂವು, ಗಾಜಿನ ಬೀರುವಿನ ಬೊಂಬೆಗಳು, ಮಗಳ ಓಟದ ಬಹುಮಾನ, ಅತ್ತೆಯ ಕಬ್ಬಿಣದ ಪೆಟ್ಟಿಗೆ ಎಲ್ಲ ಅಡುಗೆಮನೆಗೆ ವಲಸೆ ಹೋದವು. ಒಗ್ಗರಣೆ ಹಾಕಬೇಕೆಂದರೆ ಮೊದಲು ಬೊಂಬೆಗಳನ್ನು ಆಚೆ ಸರಿಸಬೇಕಾಯಿತು. ಗೋಡೆಗೆ ಬೂದಿ ಬಣ್ಣವನ್ನು ಅವಳೇ ಬಳಿದಳು. ಮಂಚ ಎತ್ತರವಾಯಿತೆಂದು ಬಡಗಿಯನ್ನು ಕರೆಸಿ ಅದರ ಕಾಲು ಕತ್ತರಿಸಿದಳು.

"ನೆಟ್ಟಗಿದ್ದ ಮಂಚನ ಕುಂಟು ಮಾಡಿದೆಯಲ್ಲೇ ತಾಯಿ" ಎಂದಳು ಅತ್ತೆ. "ನಾನಿನ್ನು ಅದರ ಮೇಲೆ ಕೂತರೆ ಎಬ್ಬಿಸಕ್ಕೆ ಕ್ರೇನ್ ತರಿಸ್ತೀಯಾ?"

"ನೀವು ಅದರ ಮೇಲೆ ಕೂರೋ ಹಾಗೇ ಇಲ್ಲ ಅತ್ತೆ. ಅದು ನಿಮ್ಮ ಮಗ ಮಲಗಕ್ಕೆ."

ಒಣ ಕೊಂಬೆಯ ಕತೆಯೇ ಬೇರೆ. ಪರದೆಯಕ್ಕ ತಂದಿಡುವುದು, ಅತ್ತೆ ಕಸವೆಂದು ಎಸೆಯುವುದು. ಮತ್ತೆ ತಂದರೆ ಅತ್ತೆ ಅದರಿಂದ ಜೇಡರ ಬಲೆ ತೆಗೆದು ಮುರಿದಿಟ್ಟಳು. ಬೆಣಚುಕಲ್ಲು ತರಲು ಹೋದ ಮಗಳು, ಮನೆ ಕಟ್ಟುತ್ತಿದ್ದವರ ರಾಶಿಯಿಂದ ಚೂಪು ಜಲ್ಲಿ ತುಂಬಿಕೊಂಡು ಬಂದಳು. ಬಾಯಿಗೆ ಬಿಡುವೇ ಇಲ್ಲದ ಈ ಹುಡುಗಿಗೆ ಪಟಾಕಿ ಎಂದು ಹೆಸರಿಟ್ಟದ್ದು ಅಜ್ಜಿ. ಟವೆಲು ಸುರುಳಿ ಸುತ್ತಿಟ್ಟದ್ದು ಯಾರಿಗೂ ಹೇಳದೇ ಇದ್ದದ್ದರಿಂದ, ಡ್ರೈವರು ಮಿಂದು ಬಂದು ಅವನ್ನು ದಿಂಬುಗಳೆಂದೇ ತಿಳಿದು, ಹಾಸಿಗೆಯ ಚಾದರದಲ್ಲಿ ಮೈ ಒರೆಸಿಕೊಂಡ.

ಎಲ್ಲದರ ಮೇಲೆ ಕಿರೀಟವಿಟ್ಟ ಹಾಗೆ ಬಂದದ್ದು ಪರದೆ. ನೀಲಿ ಬಟ್ಟೆ, ಕಪ್ಪು ಅಸ್ತರ, ಅದರ ಹಿಂದೆ ವಸತಿಗೃಹದ ಕೆಲಸದಲ್ಲಿ ಉಳಿದಿದ್ದ ಕಂಬಳಿಯಂಥ ದಪ್ಪ ಬಟ್ಟೆ. ಮೂರು ಪದರ. ಗೋಡೆಯಿಂದ ಗೋಡೆಗೆ, ಸೂರಿನಿಂದ ನೆಲಕ್ಕೆ. ಸೂಜಿಮೊನೆಯಷ್ಟು ಬೆಳಕೂ ತೂರದ ಹಾಗೆ ಅಂಚುಗಳನ್ನು ಒಂದರ ಮೇಲೊಂದು ಹಾಯಿಸಿ ಹೊಲಿದಿದ್ದಳು. ಎಳೆದು ಮುಚ್ಚಿದರೆ ಕೈ ಮುಖದ ಮುಂದೆ ಹಿಡಿದರೂ ಕಾಣದು. ಅಂಥ ಪರದೆಯನ್ನು ಅವಳು ಹಣ ಕೊಟ್ಟವರಿಗೂ ಹೊಲಿದು ಕೊಟ್ಟಿರಲಿಲ್ಲ. ಗಂಡನ ಮೇಲಿನ ಪ್ರೀತಿಯನ್ನೆಲ್ಲ ಅವಳು ಅದಕ್ಕೆ ಸುರಿದಿದ್ದಳು, ಅದರಲ್ಲಿ ಸುಳ್ಳಿಲ್ಲ.

ಅವನು ಮೊದಲ ದಿನ ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಮನೆಯವರ ಬಾಯಿಗೆ ಬೀಗ ಬಿತ್ತು. ಕುಕ್ಕರಿಗೆ ವಿಶಲ್ಲು ಹಾಕುವಂತಿಲ್ಲ. ತರಕಾರಿಯವನು ಓಣಿಯ ಬಾಯಿಂದ ಇವರ ಮನೆ ದಾಟುವ ತನಕ ಕೂಗುವಂತಿಲ್ಲ. ಅತ್ತೆಗೆ ಸೀನು ಬಂದರೆ ದಿಂಬಿನೊಳಗೆ ಸೀನಬೇಕು. ಅವಳ ಸೀನಾದರೂ ಎಂಥದ್ದು, ಪಕ್ಕದ ಮನೆಯ ನಾಯಿ ಎದ್ದು ನಿಲ್ಲುವಂಥದ್ದು. ಪಟಾಕಿ ತುದಿಗಾಲಲ್ಲಿ ನಡೆದು ನಡೆದು ಕಾಲು ನೋವೆಂದಳು. ಗಾಳಿಗೆ ಬಾಗಿಲು ಕಿರುಗುಟ್ಟಿದರೂ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು. ಮಧ್ಯಾಹ್ನ ಕೋಣೆಯ ಬಾಗಿಲು ತೆರೆಯಿತು.

"ನಿದ್ದೆ ಬಂತೇನ್ರೀ?"

"ಹೂಂ, ಬಂತು. ಚೆನ್ನಾಗಿ ಬಂತು" ಎಂದ ಅವನು, ಬೇರೆ ಕಡೆ ನೋಡುತ್ತ.

ದಿನವೂ ಇದೇ ಪ್ರಶ್ನೆ, ದಿನವೂ ಇದೇ ಉತ್ತರ. ಅವಳು ಓಣಿಗೆಲ್ಲ ಸಾರಿ ಬಂದಳು. ಆದರೆ ಅವನ ಕಣ್ಣುಗಳು ಮಾತ್ರ ಕೆಂಪಗೇ ಇದ್ದವು, ಮುಖ ದಿನದಿನಕ್ಕೆ ಇಳಿಯುತ್ತಿತ್ತು. ತಿಂಗಳು ಅರ್ಧ ದಾಟಿದ ಮೇಲೆ ಒಂದು ದಿನ, ಬರಿಗಾಲಲ್ಲಿ ಹೋಗಿ ಕೋಣೆಯ ಬಾಗಿಲನ್ನು ಕೂದಲೆಳೆಯಷ್ಟು ಸರಿಸಿ ನೋಡಿದಳು. ಅವನು ಮಲಗಿರಲಿಲ್ಲ. ಕತ್ತಲೆಯಲ್ಲಿ, ಸಂದಿಯಿಂದ ಬಿದ್ದ ಎಳೆ ಬೆಳಕಿಗೆ ಕಂಡಂತೆ, ಆ ಗಿಡ್ಡ ಮಂಚದ ಅಂಚಿಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಕಣ್ಣು ಎದುರಿನ ಗೋಡೆಯ ಮೇಲೆ. ಬಲಗಾಲು ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು.

ಅವಳು ಬಾಗಿಲು ಹಾಕಿ ಅಡುಗೆಮನೆಗೆ ಹೋಗಿ, ಬೊಂಬೆಗಳ ನಡುವೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅಳುವುದೂ ಸದ್ದಿಲ್ಲದೆ ಅಳಬೇಕಲ್ಲ. ಅವನಿಗೆ ನಿದ್ದೆ ಬರಲಿಲ್ಲವೆಂಬ ಸಂಕಟ ಒಂದು ಕಡೆಗಾದರೆ, ತನಗೆ ನೋವಾಗಬಾರದೆಂದು ಇಷ್ಟು ದಿನ ಬಂತು ಬಂತು ಎನ್ನುತ್ತಿದ್ದನಲ್ಲ ಎಂಬುದು ಇನ್ನೊಂದು. ಅತ್ತೆ ಬಂದು ಪಕ್ಕದಲ್ಲಿ ಕೂತಳು. ಈ ಸಲ ಅವಳಿಗೂ ತಮಾಷೆ ಹೊಳೆಯಲಿಲ್ಲ.

"ಅವನು ಚಿಕ್ಕೋನಿದ್ದಾಗ ಎಲ್ಲಿ ಹಾಕಿದ್ರೂ ಮಲಗೋನು ಕಣೇ" ಎಂದಳು. "ಮಿಕ್ಸಿ ಪಕ್ಕದಲ್ಲೇ ಮಲಗೋನು."

ವಸತಿಗೃಹದಿಂದ ಕರೆ ಬಂದದ್ದು ಆ ವಾರವೇ. ದಪ್ಪ ಬಟ್ಟೆ ತನ್ನ ಭಾರಕ್ಕೆ ತಾನೇ ಜಗ್ಗಿ, ಪರದೆಗಳ ಅಂಚು ನೆಲ ಗುಡಿಸತೊಡಗಿತ್ತು. ಎಲ್ಲ ಇಳಿಸಿ ಅಂಚು ಮಡಿಸಿ ಹೊಲಿಯಬೇಕು. ಪರದೆಯಕ್ಕನಿಗೆ ತನ್ನ ಕೆಲಸದಲ್ಲಿ ಹೀಗಾಯಿತಲ್ಲ ಎಂಬ ನಾಚಿಕೆಗಿಂತ ಹೆಚ್ಚಾಗಿ ಬೇರೊಂದು ಆಸೆ ಹುಟ್ಟಿತು. ಬೆಳಿಗ್ಗೆ ಡಿಪೋದಿಂದ ಬಂದ ಗಂಡನಿಗೆ, "ಏಣಿ ಹಿಡ್ಕೊಳ್ಳಕ್ಕೆ ಯಾರೂ ಇಲ್ಲ, ನೀವೇ ಬರಬೇಕು" ಎಂದಳು. ಅವನು ಹೇಗೂ ನಿದ್ದೆ ಇಲ್ಲವಲ್ಲ ಎಂದು ಹೊರಟ. ಅಲ್ಲಿ ಹೋಗಿ ಪರದೆಯಕ್ಕ ಮ್ಯಾನೇಜರಮ್ಮನನ್ನು ಪಕ್ಕಕ್ಕೆ ಕರೆದು, ನಾಚಿಕೆ ಬಿಟ್ಟು ಕೈಮುಗಿದಳು.

"ಸ್ವಲ್ಪ ಹೊತ್ತು ಒಂದು ಕೋಣೆ ಕೊಡಿ ಅಮ್ಮ. ಅಂಚು ಹೊಲಿಯೋ ಕೂಲಿ ಬೇಡ. ನನ್ನ ಮನೆಯವರು ಒಂದು ನಿದ್ದೆ ಮಾಡಿದ್ರೆ ಸಾಕು."

ಮ್ಯಾನೇಜರಮ್ಮ ಖಾಲಿಯಿದ್ದ ಎಲ್ಲಕ್ಕಿಂತ ಒಳ್ಳೆಯ ಕೋಣೆಯನ್ನು ಬಿಟ್ಟುಕೊಟ್ಟಳು. ಬಿಸಿನೀರಿನ ತೊಟ್ಟಿಯಲ್ಲಿ ಅವನನ್ನು ಕೂರಿಸಿದರು, ಮೆತ್ತನೆಯ ಬಿಳಿ ನಿಲುವಂಗಿ ತೊಡಿಸಿದರು. ಅದರಲ್ಲಿ ಅವನು ಇಸ್ತ್ರಿಗೆ ಹೊರಟ ಬಟ್ಟೆಯ ಗಂಟಿನಂತೆ ಕಂಡ. ಪರದೆ ಎಳೆದು ಕತ್ತಲು ಮಾಡಿ, ಬಾಗಿಲು ಮುಚ್ಚಿದರು. ಪರದೆಯಕ್ಕ ಹೊರಗಿನ ಬಾಗಿಲಬಳಿ ಉಸಿರು ಬಿಗಿಹಿಡಿದು ನಿಂತಳು. ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ, ಬಾಗಿಲು ತೆರೆದು ಅವನು ಹೊರಗೆ ಬಂದ, ತನ್ನ ಅಂಗಿ ಪ್ಯಾಂಟು ತೊಟ್ಟುಕೊಂಡೇ.

"ಏಣಿ ಎಲ್ಲಿ?" ಎಂದ. "ನಡಿ, ಕೆಲಸ ಮುಗಿಸೋಣ."

ಇದ್ದ ಒಂದು ದಾರಿಯೂ ಮುಚ್ಚಿತು, ಇನ್ನು ಡಿಪೋದ ಅಂಗಳವೇ ಗತಿ ಎಂದುಕೊಂಡು, ಕಾಲೆಳೆಯುತ್ತ ಮೂಲೆಕೋಣೆಗೆ ಹೋಗಿ ಏಣಿ ಹತ್ತಿದಳು. ಅವನು ಏಣಿಯ ಬುಡದಲ್ಲಿ ಕಿಟಕಿಗೆ ಮುಖ ಮಾಡಿ ನೆಲಕ್ಕೆ ಕೂತು, ಏಣಿಗೆ ಬೆನ್ನು ಕೊಟ್ಟು, ಕೈ ಹಿಂದಕ್ಕೆ ಚಾಚಿ ಅದರ ಎರಡೂ ಕಾಲುಗಳನ್ನು ಹಿಡಿದುಕೊಂಡ. ಅವಳು ಕೊಕ್ಕೆ ಬಿಡಿಸಿದಂತೆ ಪರದೆ ಮಡಿಕೆ ಮಡಿಕೆಯಾಗಿ ಇಳಿದು, ಮಧ್ಯಾಹ್ನದ ಬಿಸಿಲು ನೇರ ಅವನ ಮುಖಕ್ಕೆ ಬಡಿಯಿತು. ಗೋಡೆಯ ಬದಿಗೆ ಕೂತು ಹಾಸಿಗೆಬಟ್ಟೆ ಮಡಿಸುತ್ತಿದ್ದ ಇಬ್ಬರು ಹೆಂಗಸರು ತಮ್ಮ ಪಾಡಿಗೆ ಮಾತಾಡುತ್ತಿದ್ದರು. ಅವರಲ್ಲಿ ದೊಡ್ಡವಳು ತನ್ನ ಅಳಿಯನನ್ನು ಬೈಯುತ್ತಿದ್ದಳು.

"ರೀ, ಆ ಕೊಕ್ಕೆ ಡಬ್ಬಿ ಕೊಡಿ" ಎಂದಳು ಪರದೆಯಕ್ಕ ಮೇಲಿನಿಂದ.

ಡಬ್ಬಿ ಮೇಲೆ ಬರಲಿಲ್ಲ. ಬಗ್ಗಿ ನೋಡಿದಳು. ಅವನ ತಲೆ ಒಂದು ಬದಿಗೆ ವಾಲಿತ್ತು, ಬಾಯಿ ತುಸು ತೆರೆದಿತ್ತು. ಬಿಸಿಲು ರೆಪ್ಪೆಗಳ ಮೇಲೆ ಕುಣಿಯುತ್ತಿದ್ದರೂ ಅವನಿಗೆ ಅದರ ಪರಿವೆಯೇ ಇರಲಿಲ್ಲ. ಸಣ್ಣದಾಗಿ ಗೊರಕೆಯ ಸದ್ದು ಏಣಿಯ ಬುಡದಿಂದ ಮೇಲೇರಿ ಬಂತು.

ಅವಳು ಸದ್ದು ಮಾಡಬೇಡಿ ಎಂದು ಹೆಂಗಸರಿಗೆ ಬೆರಳು ತುಟಿಗಿಟ್ಟು ತೋರಿಸಿದಳು. ಅವರು ಮಾತು ನಿಲ್ಲಿಸಿದರು. ಕೋಣೆ ಒಮ್ಮೆಲೇ ನಿಶ್ಶಬ್ದವಾಯಿತು. ಆಗ ಅವನ ಹುಬ್ಬು ಗಂಟಿಕ್ಕಿತು, ರೆಪ್ಪೆ ಅಲುಗಿತು, ಬಲಗಾಲು ಮುಂದಕ್ಕೆ ಸರಿಯಿತು. ಪರದೆಯಕ್ಕ ಗಾಬರಿಯಿಂದ ಕೈಯಾಡಿಸಿದಳು.

"ಮಾತಾಡಿ, ಮಾತಾಡಿ!"

"ಏನಂತ ಮಾತಾಡೋದು?"

"ನಿಮ್ಮ ಅಳಿಯನ್ನ ಬೈತಿದ್ರಲ್ಲ, ಬೈಯಿರಿ!"

ಹಿರಿಯಾಕೆಗೆ ಅಷ್ಟು ಅಪ್ಪಣೆ ಸಾಕಾಗಿತ್ತು. ಅಳಿಯ ಹೊಸ ಚಪ್ಪಲಿಯನ್ನು ಎಲ್ಲಿ ಕಳೆದುಕೊಂಡ ಎಂಬಲ್ಲಿಂದ ಶುರುಮಾಡಿ ಅವನ ಅಪ್ಪ ಅಮ್ಮನ ತನಕ ಹೋದಳು. ಏಣಿಯ ಬುಡದಲ್ಲಿ ಹುಬ್ಬು ಸಡಿಲವಾಯಿತು, ಕಾಲು ಮರಳಿ ಚಾಚಿಕೊಂಡಿತು, ಗೊರಕೆ ಮುಂದುವರಿಯಿತು.

ಈಗ ಪರದೆಯಕ್ಕನ ಪಾಡು ನೋಡಿ. ಕೆಳಗಿಳಿದರೆ ಏಣಿ ಅಲುಗುತ್ತದೆ. ಏಣಿ ಅಲುಗಿದರೆ ಅವನು ಏಳುತ್ತಾನೆ. ಅರ್ಧ ಇಳಿದ ಪರದೆಯನ್ನು ತೋಳಿನಲ್ಲಿ ಹೊತ್ತುಕೊಂಡು, ಕಿಟಕಿಯ ಕಂಬಿಗೆ ಒಂದು ಕೈಯ ಆಸರೆ ಕೊಟ್ಟು ಅವಳು ಅಲ್ಲೇ ನಿಂತಳು. ಮೊದಲು ಮೀನಖಂಡ ಸೆಳೆಯಿತು, ಆಮೇಲೆ ತೋಳು ಜೋಮು ಹಿಡಿಯಿತು, ಆಮೇಲೆ ಮೂಗು ತುರಿಸತೊಡಗಿತು. ನಡುವೆ ಮ್ಯಾನೇಜರಮ್ಮ ಬಂದು ಇಣುಕಿ, ಏನೂ ಕೇಳದೆ, ಮೇಲಕ್ಕೆ ಒಂದು ಲೋಟ ನೀರು ಎತ್ತಿಕೊಟ್ಟು ಹೋದಳು. ಬಿಸಿಲು ನೆಲದಿಂದ ಗೋಡೆಗೆ ಏರಿತು. ಅಳಿಯನ ಕತೆ ಮುಗಿದು ನಾದಿನಿಯ ಕತೆ ಶುರುವಾಯಿತು. ಪರದೆಯಕ್ಕ ಮೇಲಿನಿಂದ ಗಂಡನ ನೆತ್ತಿಯನ್ನೇ ನೋಡುತ್ತಿದ್ದಳು. ಇಷ್ಟು ಬೆಳಕಲ್ಲಿ, ಇಷ್ಟು ಗಲಾಟೆಯಲ್ಲಿ, ಒಂದು ಏಣಿಗೆ ಒರಗಿಕೊಂಡು! ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಅವನು ಎದ್ದಾಗ ಸಂಜೆಯ ನೆರಳು ಬಿದ್ದಿತ್ತು. ತಾನೆಲ್ಲಿದ್ದೇನೆಂದು ತಿಳಿಯದೆ ಸುತ್ತ ನೋಡಿ, ಆಮೇಲೆ ಕತ್ತೆತ್ತಿದ.

"ನೀನಿನ್ನೂ ಮೇಲೇ ಇದೀಯಾ?"

"ಮತ್ತೆ? ಕೆಳಗಿನವರು ಮಲಗಿಬಿಟ್ರೆ ಮೇಲಿನವರು ಏನು ಮಾಡ್ಬೇಕು?" ಎಂದಳು ಅವಳು. ಇಳಿಯಲು ಹೋದರೆ ಕಾಲು ಮಾತು ಕೇಳಲಿಲ್ಲ. ಅವನೇ ಎತ್ತಿ ಇಳಿಸಿದ. ಹೆಂಗಸರು ನಗುತ್ತ ಬಟ್ಟೆಗಂಟು ಎತ್ತಿಕೊಂಡು ಹೋದರು.

ಇಬ್ಬರೇ ಆದ ಮೇಲೆ ಅವಳು ಕೇಳಿದಳು. "ನಿಜ ಹೇಳ್ರೀ. ಆ ಕೋಣೇಲಿ ಬರದ ನಿದ್ದೆ ಇಲ್ಲಿ ಹೇಗೆ ಬಂತು?"

"ಕತ್ತಲಾದ್ರೆ ಆಗಲ್ಲ ಕಣೇ. ಕತ್ತಲು, ಮೇಲೆ ಸದ್ದೂ ಇಲ್ಲ ಅಂದ್ರೆ ಬಸ್ಸಲ್ಲಿ ಹಿಂದೆ ಜನ ಮಲಗಿದಾರೆ ಅನ್ನಿಸುತ್ತೆ. ಎಳೆ ಮಕ್ಕಳು, ಮುದುಕರು, ಎಲ್ಲ. ಅವರೆಲ್ಲ ಮಲಗಿರೋವಾಗ ನಾನು ಹೇಗೆ ಕಣ್ಣು ಮುಚ್ಚಲಿ? ಮುಚ್ಚಿದ ಕೂಡಲೆ ಮೈ ಬೆವರುತ್ತೆ. ಇಲ್ಲಿ ನೋಡು, ಬೆಳಕಿತ್ತು, ಯಾರೋ ಮಾತಾಡ್ತಿದ್ರು, ಮೇಲೆ ನೀನಿದ್ದೆ. ಎಲ್ಲರೂ ಎಚ್ಚರ ಇದಾರಲ್ಲ ಅನ್ನಿಸ್ತು."

"ಇದನ್ನ ಮೊದಲೇ ಹೇಳಬಾರದಿತ್ತಾ!"

"ನನಗೇ ಗೊತ್ತಿರಲಿಲ್ಲ. ಆಮೇಲೆ ನೀನು ಅಷ್ಟು ಕಷ್ಟಪಟ್ಟು ಹೊಲಿದಿದ್ದೆ."

ಪರದೆಯಕ್ಕ ಧಪ್ಪನೆ ನೆಲಕ್ಕೆ ಕೂತಳು. ಅವನು ಒಂದು ದಿನ ಹೊರಳಾಡಿದರೆ ಒಂದು ಅಸ್ತರ, ಇನ್ನೊಂದು ದಿನ ಹೊರಳಾಡಿದರೆ ಇನ್ನೊಂದು ಪದರ. ಗಂಡನ ನಿದ್ದೆಯನ್ನು ತಾನೇ ಸೂಜಿ ದಾರ ಹಿಡಿದು ಹೊಲಿದು ಮುಚ್ಚಿದ್ದಳು. ಹಗಲಿಡೀ ಮನೆಯೊಳಗೆ ಅವನಿಗೊಂದು ರಾತ್ರಿ ಕಟ್ಟಿಕೊಟ್ಟು, ಮಲಗು ಮಲಗು ಎಂದು ಬಾಗಿಲಲ್ಲಿ ಕಾದಿದ್ದಳು. ಹಣೆ ಹಣೆ ಚಚ್ಚಿಕೊಳ್ಳುತ್ತ ನಗತೊಡಗಿದಳು. ಅವಳನ್ನು ನೋಡಿ ಅವನೂ ನಕ್ಕ. ಅವನ ನಗು ಕೇಳಿ ವಾರಗಳೇ ಆಗಿದ್ದವು.

ಮನೆಗೆ ಬಂದವಳೇ ಕುರ್ಚಿ ಹತ್ತಿ ಮೂರು ಪದರದ ಪರದೆಯನ್ನು ಕಂಬಿ ಸಮೇತ ಇಳಿಸಿದಳು. ಬಿಳಿ ಮಲ್ಲಿನಂಥ ತೆಳು ಬಟ್ಟೆ ಹರಡಿ, ನೆರಿಗೆ ಕೂಡ ಹಾಕದೆ, ಕಿಟಕಿಗೆ ತೂಗುಬಿಟ್ಟಳು. ಬೆಳಕು ಅದರೊಳಗಿಂದ ಸೋಸಿ ಬಂದು ಬೂದಿ ಬಣ್ಣದ ಗೋಡೆಯ ಮೇಲೆ ಹಾಯಾಗಿ ಕೂತಿತು. ವಸತಿಗೃಹದ ಗೋಡೆಯೂ ಇಷ್ಟು ಚೆನ್ನಾಗಿರಲಿಲ್ಲ. ಕಾಲು ಕತ್ತರಿಸಿದ ಮಂಚವನ್ನು ಕೋಣೆಯ ಬಾಗಿಲಿಗೆ ಎದುರಾಗಿ ಎಳೆದಳು, ಮಲಗಿದಲ್ಲಿಂದಲೇ ಹಜಾರ ಕಾಣುವ ಹಾಗೆ. ಅತ್ತೆಯ ಪೆಟ್ಟಿಗೆ ತನ್ನ ಜಾಗಕ್ಕೆ ಮರಳಿತು. ಬಾಗಿಲು ಮುಚ್ಚಬೇಕೆಂಬ ನಿಯಮ ರದ್ದಾಯಿತು. ಕುಕ್ಕರಿಗೆ ವಿಶಲ್ಲು ಬಂತು.

"ಹಾಗಾದ್ರೆ ನಾನು ಮಾತಾಡಬಹುದಾ?" ಎಂದಳು ಪಟಾಕಿ, ನಂಬಲಾರದೆ.

"ಮಾತಾಡು. ಪಾಠ ಜೋರಾಗಿ ಓದು. ಅಪ್ಪ ಗೊರಕೆ ಹೊಡೆಯೋವರೆಗೂ ನಿಲ್ಲಿಸಬೇಡ."

"ಸೀನು?" ಎಂದಳು ಅತ್ತೆ.

"ಸೀನಿ ಅತ್ತೆ. ನಿಮ್ಮಿಷ್ಟ."

ಮರುದಿನ ಬೆಳಿಗ್ಗೆ ಅವನು ಉಂಡು ಮಲಗಿದ. ಹಜಾರದಲ್ಲಿ ಅತ್ತೆ ಅಕ್ಕಿ ಆರಿಸುತ್ತ ಪಕ್ಕದ ಮನೆಯವಳ ಜೊತೆ ಕಿಟಕಿಯಿಂದ ಕಿಟಕಿಗೆ ಹರಟೆ ಹೊಡೆದಳು. ಪರದೆಯಕ್ಕ ಬಟ್ಟೆ ಕತ್ತರಿಸಿದಳು, ಹೊಲಿದಳು, ಗಿರಾಕಿಗಳ ಜೊತೆ ಚೌಕಾಸಿ ಮಾಡಿದಳು. ಅತ್ತೆ ತನ್ನ ಪೂರ್ತಿ ಸೀನನ್ನು ಸೀನಿದಳು. ಪಕ್ಕದ ಮನೆಯ ನಾಯಿ ಎದ್ದಿತು, ಮಗ ಏಳಲಿಲ್ಲ. ಅಂದು, ಮಾರನೆಯ ದಿನ, ಆ ವಾರ ಪೂರ್ತಿ ಹಾಗೇ ಮಲಗಿದ. ತಿಂಗಳು ಮುಗಿಯುವ ಹೊತ್ತಿಗೆ ಡಿಪೋದ ಮೇಲಿನವರು ಅವನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ, ಕಣ್ಣಿನ ಕೆಂಪು ಹೋದದ್ದನ್ನು ಕಂಡು, "ನಾಳೆ ಸಂಜೆ ಬಸ್ಸು ತಗೊಂಡು ಹೋಗು" ಎಂದರು.

ಸುದ್ದಿ ಕೇಳಿ ಮನೆಯವರೆಲ್ಲ ಕುಣಿದರು. ಕುಣಿದಾದ ಮೇಲೆ ಅತ್ತೆಗೆ ಸಣ್ಣ ದಿಗಿಲು ಹುಟ್ಟಿತು. "ಮೊದಲ ಸಲ ಅಲ್ವೇನೇ, ಅವನೊಬ್ಬನೇ ಬೇಡ. ನೀನೂ ಹೋಗು. ಮುಂದಿನ ಸೀಟಲ್ಲೇ ಕೂತು ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ತಿರು. ಸ್ವಲ್ಪ ತೂಕಡಿಸಿದ್ರೂ ಕೂಗಿಬಿಡು" ಎಂದು ಸೊಸೆಯ ಕಿವಿಯಲ್ಲಿ ಹೇಳಿದಳು. ಪರದೆಯಕ್ಕನ ಮನಸ್ಸಿನಲ್ಲೂ ಅದೇ ಇತ್ತು. ಎಚ್ಚರವಿರಲು ಕಡಲೆಬೀಜ ಕಟ್ಟಿಕೊಂಡಳು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡಳು, ಮುಖಕ್ಕೆ ತಣ್ಣೀರು ಹಾಕಿಕೊಂಡು ಹೊರಟಳು.

ಸಂಜೆ ಬಸ್ಸು ತುಂಬಿತು. ಹಿಂದಿನ ಸೀಟಿನಲ್ಲಿ ಮಗುವೊಂದು ಅಳುತ್ತಿತ್ತು, ಯಾರೋ ಚೀಲ ಇಡಲು ಜಾಗ ಹುಡುಕುತ್ತಿದ್ದರು. ಅವನು ಹತ್ತಿ ಕೂತು, ಕನ್ನಡಿ ಸರಿಮಾಡಿಕೊಂಡು, ಸ್ಟಿಯರಿಂಗನ್ನು ಒಮ್ಮೆ ಅಂಗೈಯಿಂದ ಸವರಿದ. ಅವಳು ಅದನ್ನು ನೋಡಿದಳು. ಬಸ್ಸು ನಿಲ್ದಾಣ ದಾಟಿತು, ಪೇಟೆ ದಾಟಿತು. ಅವನ ಭುಜ ನೆಟ್ಟಗಿತ್ತು, ತಲೆ ನೆಟ್ಟಗಿತ್ತು. ಊರಿನ ಕೊನೆಯ ದೀಪಗಳು ಹಿಂದೆ ಸರಿದು ಒಳಗಿನ ದೀಪ ಆರಿತು. ಪರದೆಯಕ್ಕ ಕಡಲೆಬೀಜದ ಪೊಟ್ಟಣ ಬಿಚ್ಚಿ, ಕಣ್ಣರಳಿಸಿ, ಗಂಡನ ಬೆನ್ನನ್ನೇ ನೋಡುತ್ತ ಕೂತಳು.

ಯಾರೋ ಭುಜ ತಟ್ಟಿದರು. ಕಣ್ಣು ಬಿಟ್ಟರೆ ಎದುರಿಗೆ ಗಂಡ ನಿಂತಿದ್ದ. ಹೊರಗೆ ಬೆಳ್ಳಗೆ ಬೆಳಗಾಗಿತ್ತು, ಬಸ್ಸು ಖಾಲಿಯಾಗಿತ್ತು. ಅವಳ ಮೈಮೇಲೆ ಅವನ ಶಾಲು ಇತ್ತು, ಮಡಿಲ ತುಂಬ ಕಡಲೆಬೀಜ ಚೆಲ್ಲಿತ್ತು.

"ಆ ಊರು ಬಂತಾ?" ಎಂದಳು ಗಡಬಡಿಸಿ ಎದ್ದು.

"ಬಂತು, ಹೋಯ್ತು. ಇದು ನಮ್ಮೂರು" ಎಂದ ಅವನು. "ಅಲ್ಲಿ ಎಬ್ಬಿಸಿ ನೋಡ್ದೆ, ನೀನು ಏಳಲಿಲ್ಲ. ಊರ ಗಡಿ ದಾಟೋ ಮೊದಲೇ ಗೊರಕೆ ಶುರುಮಾಡಿದ್ದೆ. ಇಡೀ ಬಸ್ಸಲ್ಲಿ ಮೊದಲು ಮಲಗಿದವಳು ನೀನೇ."

ಅತ್ತೆಗೆ ಏನು ಹೇಳುವುದೆಂದು ಅವಳಿಗೆ ತಿಳಿಯಲಿಲ್ಲ. ಗಂಡನ ಮುಖ ನೋಡಿದಳು. ರಾತ್ರಿಯಿಡೀ ಎಚ್ಚರವಿದ್ದ ಮುಖ, ದಣಿದಿತ್ತು, ತೃಪ್ತವಾಗಿತ್ತು. ಒಂದು ಆಕಳಿಕೆ ಬಂತು ಅವನಿಗೆ.

"ನಡೀರಿ ಮನೆಗೆ" ಎಂದಳು ಅವಳು, ಶಾಲು ಮಡಿಸುತ್ತ. "ಇನ್ನು ನೀವು ಮಲಗಿ. ಎಚ್ಚರ ಇರೋಕೆ ನಾವಿದೀವಿ."